ಬೆಲ್ಟಿನ ಮೇಲಿನ ವಿಭೂತಿ

ಕಾರಿನ ಬಾನೆಟ್ ಎತ್ತಿದರೆ ಎಲ್ಲರಿಗೂ ಎಂಜಿನ್ ಕಾಣುತ್ತದೆ, ಬ್ಯಾಟರಿ ಕಾಣುತ್ತದೆ. ಒಂದು ಬದಿಯಲ್ಲಿ ನಾಲ್ಕೈದು ಪುಲ್ಲಿ ಚಕ್ರಗಳನ್ನು ಸುತ್ತಿಕೊಂಡು ಓಡುವ ಕಪ್ಪು ರಬ್ಬರ್ ಬೆಲ್ಟು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕಣ್ಣಿಗೆ ಬೀಳುವುದು ಹರಿದ ಮೇಲೆ. ಬ್ಯಾಟರಿಗೆ ಚಾರ್ಜು ಕೊಡುವುದು, ನೀರಿನ ಪಂಪು ತಿರುಗಿಸುವುದು, ಎಸಿ ಓಡಿಸುವುದು, ಸ್ಟೇರಿಂಗ್ ಹಗುರ ಮಾಡುವುದು, ಇಷ್ಟೂ ಕೆಲಸ ಆ ಪಟ್ಟಿಯದು. ಇಷ್ಟು ಕೆಲಸ ಮಾಡುವವನನ್ನು ಯಾವ ಮನೆಯಲ್ಲೂ ಯಾರೂ ಮಾತನಾಡಿಸುವುದಿಲ್ಲ ತಾನೇ?

ಭದ್ರಾವತಿ ದಾರಿಯ ಮಾಚೇನಹಳ್ಳಿಯ ಒಂದು ಗ್ಯಾರೇಜಿನಲ್ಲಿ ಮೂವತ್ತಾರು ವರ್ಷ ದುಡಿದು ಎರಡು ವರ್ಷದ ಹಿಂದೆ ನಿವೃತ್ತನಾಗಿ ರಾಗಿಗುಡ್ಡದ ಮನೆಯಲ್ಲಿ ಕುಳಿತೆ. ಐಟಿಐ ಮುಗಿಸಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಆಗಾಗ ಏನಾದರೂ ಕೇಳಿಕೊಂಡು ಬರುತ್ತಾರೆ. ಕೇಳುವುದೆಲ್ಲ ಸೆನ್ಸರ್, ಸ್ಕ್ಯಾನರ್, ಬ್ಯಾಟರಿ ಕಾರು. ಬೆಲ್ಟಿನ ವಿಷಯ ಕೇಳಿದವರು ಒಬ್ಬರೂ ಇಲ್ಲ. ಕೇಳದಿದ್ದರೂ ಹೇಳುತ್ತೇನೆ. ಬಡ್ತಿ, ಸನ್ಮಾನಗಳ ಸುದ್ದಿ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ನನಗೆ ಸಿಕ್ಕಿದ್ದು ಒಂದೇ ಬಡ್ತಿ, ಅದೂ ಸಿಗಬಾರದ ರೀತಿಯಲ್ಲಿ ಸಿಕ್ಕಿತು. ಅದನ್ನು ಮಾತ್ರ ಬರೆಯಲೇಬೇಕು.

ನಮ್ಮದು ದಿನಸಿ ಅಂಗಡಿ ಇಟ್ಟುಕೊಂಡಿದ್ದ ಮನೆತನ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಹಣೆಗೆ ಮೂರೆಳೆ ವಿಭೂತಿ, ಆಮೇಲೆ ಅಂಗಡಿ. ನಾನು ಗ್ಯಾರೇಜಿಗೆ ಸೇರುತ್ತೇನೆ ಎಂದಾಗ ಅವ್ವ ಅತ್ತಳು. "ಬಿಳೀ ಬಟ್ಟೆ ಹಾಕ್ಕೊಂಡು ಗಲ್ಲಾ ಮೇಲೆ ಕೂರೋದು ಬಿಟ್ಟು ಗ್ರೀಸ್ ಮೆತ್ಕೊಳಕ್ಕೆ ಹೋಗ್ತೀಯಲ್ಲೋ ರುದ್ರೇಶ" ಎಂದಳು. ಹೋದೆ. ವಿಭೂತಿ ಮಾತ್ರ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಗ್ರೀಸಿನ ನಾಲ್ಕನೆಯ ಎಳೆ ಬಿದ್ದಿರುತ್ತಿತ್ತು.

ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದವರು ಮುರುಗೇಶಣ್ಣ. ಭದ್ರಾವತಿಯವರು, ಕಾಗದನಗರದ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ಕೆಲಸದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನನಗಿಂತ ಹತ್ತು ವರ್ಷ ದೊಡ್ಡವರು. ನನ್ನನ್ನು ಮೊದಲ ದಿನದಿಂದ 'ತಂಬಿ', ಅಂದರೆ ತಮ್ಮ, ಎಂದೇ ಕರೆದರು. ಅವರ ಬಲಗೈ ಹೆಬ್ಬೆರಳು ನಮ್ಮ ಗ್ಯಾರೇಜಿನ ಅಳತೆಗೋಲಾಗಿತ್ತು. ಎರಡು ಪುಲ್ಲಿಗಳ ನಡುವೆ ಬೆಲ್ಟು ಉದ್ದಕ್ಕೆ ಹಾಯುವ ಕಡೆ ಹೆಬ್ಬೆರಳು ಊರಿ ಒತ್ತುತ್ತಿದ್ದರು. ಎಷ್ಟು ಬಗ್ಗಿತು ಎನ್ನುವುದರಲ್ಲೇ ಅವರಿಗೆ ಬಿಗಿಯೋ ಸಡಿಲವೋ ತಿಳಿಯುತ್ತಿತ್ತು. "ಕಾಲು ಸುತ್ತು ಬಿಗಿ ಮಾಡು" ಎಂದರೆ ಕಾಲು ಸುತ್ತೇ. ಮಾಲೀಕರು ಒಮ್ಮೆ ಅಳತೆ ಮಾಡುವ ಉಪಕರಣ ತರಿಸಿ, ಮುರುಗೇಶಣ್ಣ ಬಿಗಿ ಮಾಡಿದ ಬೆಲ್ಟುಗಳನ್ನು ಇಡೀ ದಿನ ಪರೀಕ್ಷಿಸಿ, ಸಂಜೆ ಅದನ್ನು ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟರು. ಅದು ಬಹಳ ವರ್ಷ ಹೊರಗೆ ಬರಲಿಲ್ಲ.

ಬೆಲ್ಟು ಕಿರ್ರೆಂದರೆ ಸೋಪು ಉಜ್ಜಿ ಸುಮ್ಮನಾಗಿಸುವ ಚಾಳಿ ಆಗ ಎಲ್ಲ ಕಡೆ ಇತ್ತು. ಕೆಲವರು ಮುಖದ ಪೌಡರ್ ಹಾಕುತ್ತಿದ್ದರು. ನಾನೂ ಸೇರಿದ ಹೊಸತರಲ್ಲಿ ಕೈಕಾಲು ತೊಳೆಯುವ ಸೋಪಿನ ತುಂಡು ಹಿಡಿದು ಹೋಗಿದ್ದೆ. ಮುರುಗೇಶಣ್ಣ ಅದನ್ನು ಕಸಿದು ಚರಂಡಿಗೆ ಎಸೆದರು.

"ಬೆಲ್ಟು ಕೂಗಿದ್ರೆ ಬಾಯಿ ಮುಚ್ಚಿಸ್ಬೇಡ ತಂಬಿ. ಯಾಕೆ ಕೂಗ್ತೈತೆ ಅಂತ ಕೇಳು" ಎಂದರು.

ಕೇಳುವುದು ಹೇಗೆ ಎಂದು ಕಲಿಯಲು ನನಗೆ ವರ್ಷಗಳೇ ಹಿಡಿದವು. ಬ್ಯಾಂಕಿನ ಮೇಡಂ ಒಬ್ಬರ ಕಾರಿಗೆ ನಾನು ಒಂದೇ ತಿಂಗಳಲ್ಲಿ ಮೂರು ಬೆಲ್ಟು ಹಾಕಿದ್ದೇನೆ. ಹಾಕಿದ ದಿನ ಮೌನ, ಮರುದಿನ ಮತ್ತೆ ಚಿಂವ್ ಚಿಂವ್. ಮೂರನೆಯ ಸಲ ಆಕೆ ಕೋಪಿಸಿಕೊಳ್ಳಲಿಲ್ಲ. "ರುದ್ರೇಶ್, ಒಳಗೆ ಗುಬ್ಬಿ ಗೂಡು ಕಟ್ಟಿದ್ಯೇನೋ ನೋಡ್ರಿ" ಎಂದರು. ಗ್ಯಾರೇಜಿನಲ್ಲಿ ಎಲ್ಲರೂ ನಕ್ಕರು. ಮುರುಗೇಶಣ್ಣ ಒಂದು ಲೋಟ ನೀರು ತಂದು, ಓಡುತ್ತಿದ್ದ ಬೆಲ್ಟಿನ ಮೇಲೆ ನಾಲ್ಕು ಹನಿ ಚಿಮುಕಿಸಿದರು. ಸದ್ದು ನಿಂತಿತು, ಒಂದು ನಿಮಿಷಕ್ಕೆ ಮತ್ತೆ ಬಂತು. ನೀರು ಬಿದ್ದಾಗ ಸದ್ದು ಕ್ಷಣ ಹೊತ್ತು ಅಡಗಿದರೆ ಪುಲ್ಲಿ ಓರೆಯಾಗಿದೆ ಎಂದು, ಹೆಚ್ಚಾದರೆ ಬೆಲ್ಟು ಜಾರುತ್ತಿದೆ ಎಂದು ಅರ್ಥ. ಆ ಕಾರಿನಲ್ಲಿ ಒಂದು ಪುಲ್ಲಿಯ ಬೇರಿಂಗ್ ಸವೆದು ವಾಲಿತ್ತು. ನಾನು ಮೂರು ಒಳ್ಳೆಯ ಬೆಲ್ಟುಗಳನ್ನು ಸುಮ್ಮನೆ ಬಿಚ್ಚಿ ಎಸೆದಿದ್ದೆ. ನೀವು ಯಾರಾದರೂ ಸ್ಕ್ಯಾನರ್ ಹಾಕುವ ಮುಂಚೆ ಒಂದು ಲೋಟ ನೀರು ತಂದರೆ ನನಗೆ ಬಹಳ ಸಂತೋಷವಾಗುತ್ತದೆ.

ಇನ್ನೊಬ್ಬರು ಅಡಿಕೆ ವ್ಯಾಪಾರಿ. ತರೀಕೆರೆ ಕಡೆಯಿಂದ ಬರುವಾಗ ಅವರ ಹಳೆಯ ಜೀಪಿನ ಬೆಲ್ಟು ಹರಿಯಿತು. ಹಿಂದೆ ಅಡಿಕೆ ಮೂಟೆ, ಜೊತೆಗೆ ಮೂಟೆ ಹೊಲಿಯುವ ಸೆಣಬಿನ ಹುರಿ. ಹುರಿಯನ್ನು ಮೂರೆಳೆ ಜಡೆ ಹೆಣೆದು, ಪುಲ್ಲಿಗೆ ಸುತ್ತಿ ಗಂಟು ಹಾಕಿ, ಎರಡು ಮೈಲಿಗೊಮ್ಮೆ ನಿಲ್ಲಿಸಿ ಹೊಸ ಜಡೆ ಹೆಣೆಯುತ್ತಾ ನಮ್ಮಲ್ಲಿಗೆ ಬಂದು ಮುಟ್ಟಿದರು. ಬಾನೆಟ್ ಎತ್ತಿದರೆ ಒಳಗೆಲ್ಲ ಸೆಣಬಿನ ನಾರು. "ಮಗಳಿಗೆ ಇಷ್ಟು ಜಡೆ ಹಾಕಿಲ್ಲ ಮಾರಾಯ ನಾನು" ಎಂದು ಗೊಣಗುತ್ತಾ ಬೆಂಚಿನ ಮೇಲೆ ಕುಳಿತರು. ಅಂದಿನಿಂದ ಅವರ ಜೀಪಿನಲ್ಲಿ ಯಾವಾಗಲೂ ಒಂದು ಬೆಲ್ಟು ಹೆಚ್ಚಿಗೆ ಇರುತ್ತಿತ್ತು.

ಆ ಕಾಲದ ರಬ್ಬರು ಪ್ರಾಮಾಣಿಕವಾಗಿತ್ತು. ವಯಸ್ಸಾದರೆ ಬಿರುಕು ಬಿಡುತ್ತಿತ್ತು, ದೂರದಿಂದಲೇ ಕಾಣುತ್ತಿತ್ತು. ಆಮೇಲೆ ಬಂದ ಬೆಲ್ಟುಗಳು ಅಗಲ, ಒಳಮೈಯಲ್ಲಿ ಉದ್ದಕ್ಕೂ ಸಾಲು ಸಾಲು ತೋಡುಗಳು. ಇವಕ್ಕೆ ಬಿರುಕು ಬರುವುದು ಕಡಿಮೆ. ಹೊರಗೆ ಹೊಸದರಂತೆ ಕಪ್ಪಗಿದ್ದೇ ಒಳಗೊಳಗೆ ತೋಡು ಸವೆದು ನುಣ್ಣಗಾಗುತ್ತವೆ. ಬಟ್ಟೆಯಿಂದ ಒರೆಸಿ, ಹೊರಳಿಸಿ, ಟಾರ್ಚು ಹಿಡಿದು, ಉಗುರು ಹಾಕಿ ನೋಡಬೇಕು. ಒರೆಸದೆ ನೋಡಿದರೆ ನೋಡಿದ ಹಾಗಲ್ಲ. ಇದನ್ನು ನಮಗೆಲ್ಲ ಹೇಳಿಕೊಟ್ಟವರು ಮುರುಗೇಶಣ್ಣನೇ. ಇದಿಷ್ಟು ನೆನಪಿಟ್ಟುಕೊಂಡು ಮುಂದೆ ಓದಿ.

ಹನ್ನೊಂದು ವರ್ಷದ ಹಿಂದಿನ ಆಯುಧಪೂಜೆ. ಆ ದಿನ ನಮ್ಮಲ್ಲಿ ರಿಪೇರಿ ಇಲ್ಲ. ಸ್ಪ್ಯಾನರು, ಜಾಕಿ, ವೆಲ್ಡಿಂಗ್ ಮಷೀನು ಎಲ್ಲವನ್ನೂ ತೊಳೆದು ಕುಂಕುಮ ಇಟ್ಟು ಸಾಲಾಗಿ ಜೋಡಿಸುತ್ತಿದ್ದೆವು. ಹಳೆಯ ಗಿರಾಕಿಗಳು ಕಾರು ತಂದು ನಿಲ್ಲಿಸುತ್ತಿದ್ದರು. ಎಲ್ಲ ಬಾನೆಟ್ ಎತ್ತಿ ಎಂಜಿನ್ನಿಗೆ ವಿಭೂತಿ, ಹೂವು. ಮಂಗಳಾರತಿ ಹೊತ್ತಿಗೆ ಎಲ್ಲ ಗಾಡಿಗಳನ್ನೂ ಒಟ್ಟಿಗೆ ಸ್ಟಾರ್ಟ್ ಮಾಡುವುದು, ಆಮೇಲೆ ಬೂದುಗುಂಬಳ ಒಡೆಯುವುದು. ವಿಭೂತಿ ಹಚ್ಚುವ ಕೆಲಸ ಪ್ರತಿ ವರ್ಷವೂ ನನ್ನದು. ಮನೆಯಿಂದಲೇ ಗಟ್ಟಿ ತರುತ್ತಿದ್ದೆ.

ಅನಂತ ಭಟ್ಟರ ಕಾರೂ ಬಂದಿತ್ತು. ಸಂಸ್ಕೃತ ಮೇಷ್ಟ್ರಾಗಿ ನಿವೃತ್ತರಾದವರು. ಹದಿನಾಲ್ಕು ವರ್ಷ ಹಳೆಯ ಕಾರು, ಮೈಮೇಲೆ ಒಂದು ಗೀರು ಇಲ್ಲದ ಹಾಗೆ ಇಟ್ಟುಕೊಂಡಿದ್ದರು. ಮರುದಿನ ಹೆಂಡತಿಯನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೊರಟಿದ್ದರು. ಹದಿನೈದು ದಿನದ ಹಿಂದಷ್ಟೇ ಅದರ ಸರ್ವೀಸ್ ನಾನೇ ಮಾಡಿದ್ದೆ. ಕಾರ್ಡಿನಲ್ಲಿ 'ಬೆಲ್ಟ್ ಸರಿ' ಎಂದು ಗುರುತು ಹಾಕಿದ್ದೆ. ನಿಜ ಹೇಳುತ್ತೇನೆ, ನಾನು ಬೆಲ್ಟು ನೋಡಿರಲಿಲ್ಲ. ಆ ಸಂಜೆ ನೆಂಟರ ಮದುವೆಗೆ ಹೋಗುವ ಆತುರ. ಇಪ್ಪತ್ತೇಳು ವರ್ಷದ ಅನುಭವ ಇರುವವನಿಗೆ ಒಂದು ಗುರುತು ಹಾಕಲು ಎಷ್ಟು ಹೊತ್ತು?

ತೊಳೆದು ತಂದ ಕಾರನ್ನು ಸಾಲಿನಲ್ಲಿ ನಿಲ್ಲಿಸಲು ನಾನೇ ಸ್ಟಾರ್ಟ್ ಮಾಡಿದೆ. ಕಿರ್ರೋ ಎಂದಿತು. ನೀರು ಬಿದ್ದು ಹೆಚ್ಚಾದ ಸದ್ದು, ಅಂದರೆ ಜಾರುತ್ತಿದೆ. ಬಗ್ಗಿ ಉಗುರು ಹಾಕಿದೆ, ತೋಡೇ ಇಲ್ಲ. ಹಬ್ಬದ ದಿನ ಸ್ಪೇರ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಇನ್ನು ಅರ್ಧ ಗಂಟೆಗೆ ಮಂಗಳಾರತಿ, ಮಾಲೀಕರ ಮುಂದೆ, ಗಿರಾಕಿಗಳೆಲ್ಲರ ಮುಂದೆ ಈ ಕಾರು ಕಿರುಚುತ್ತದೆ. ಸರ್ವೀಸ್ ಯಾರು ಮಾಡಿದ್ದು ಎಂಬ ಪ್ರಶ್ನೆ ಬರುತ್ತದೆ.

ಆಗ ಹೇಳಬೇಕಾದದ್ದು ಒಂದೇ ಮಾತು: "ಭಟ್ಟರೇ, ನಾಳೆ ಹೋಗ್ಬೇಡಿ." ನಾನು ಮಾಡಿದ್ದು ಬೇರೆ. ಬೋಲ್ಟು ತಿರುಗಿಸಿ ಬೆಲ್ಟನ್ನು ಚೆನ್ನಾಗಿ ಬಿಗಿದೆ. ಆಮೇಲೆ ಓಡುತ್ತಿದ್ದ ಬೆಲ್ಟಿನ ಒಳಮೈಗೆ ವಿಭೂತಿ ಗಟ್ಟಿ ಹಿಡಿದೆ. ಒಣ ಬೂದಿ ತಾನೇ? ಸೋಪಿಗಿಂತ ಚೆನ್ನಾಗಿ ಹಿಡಿಯಿತು. ಸದ್ದು ಅಡಗಿತು. ಎಂಜಿನ್ ನಿಲ್ಲಿಸಿ ಬೆಲ್ಟಿನ ಹೊರಮೈಗೂ, ಅಕ್ಕಪಕ್ಕದ ಪುಲ್ಲಿಗೂ ಬೆರಳಿನಿಂದ ಮೂರೆಳೆ ಎಳೆದೆ. ಎಲ್ಲ ಎಂಜಿನ್ನುಗಳೂ ಬೆಳ್ಳಗಿದ್ದವು, ಇದು ಇನ್ನೊಂದಿಷ್ಟು ಬೆಳ್ಳಗಿತ್ತು. ಸೋಪು ಹಾಕಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ದೇವರ ಹೆಸರಿನಲ್ಲಿ ಹಾಕಿದ್ದನ್ನು ಯಾರು ಹಿಡಿಯುತ್ತಾರೆ?

ಪೂಜೆ ಮುಗಿದ ಮೇಲೆ ಭಟ್ಟರು ಮುರುಗೇಶಣ್ಣನ ಹತ್ತಿರ ಹೋದರು. "ನಾಳೆ ಘಾಟಿ ಇಳೀಬೇಕು. ನೀವೊಂದ್ಸಲ ಕೈ ಇಟ್ಟು ನೋಡಿಬಿಡಿ, ಸಮಾಧಾನ" ಎಂದರು.

ಮುರುಗೇಶಣ್ಣ ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟರು. ಸದ್ದಿಲ್ಲ. ನಿಲ್ಲಿಸಿ ಹೆಬ್ಬೆರಳು ಒತ್ತಿದರು. ಬಿಗಿಯಾಗಿತ್ತು. ಒರೆಸಲೆಂದು ಹೆಗಲ ಮೇಲಿನ ಬಟ್ಟೆಗೆ ಕೈ ಹಾಕಿದವರು ವಿಭೂತಿ ನೋಡಿ ಸುಮ್ಮನಾದರು. "ಪೂಜೆ ಆಗಿರೋದು, ಒರೆಸಬಾರದು" ಎಂದು ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಎರಡು ಮಾರು ದೂರದಲ್ಲಿ ಕಡುಬು ತಿನ್ನುತ್ತಾ ನಿಂತಿದ್ದೆ. ನನ್ನ ಕಡೆ ತಿರುಗಿ, "ಸರ್ವೀಸ್ ನಮ್ಮ ತಂಬೀದೇ ಅಲ್ವಾ? ಧೈರ್ಯವಾಗಿ ಹೋಗಿಬನ್ನಿ ಸಾರ್" ಎಂದರು.

ಮರುದಿನ ಮಧ್ಯಾಹ್ನ ಫೋನು ಬಂತು. ಘಾಟಿಯ ತಿರುವೊಂದರಲ್ಲಿ ಬೆಲ್ಟು ಹರಿದಿತ್ತು. ಸ್ಟೇರಿಂಗ್ ಕಲ್ಲಿನಂತೆ ಗಟ್ಟಿಯಾಗಿ, ಅರವತ್ತೆಂಟು ವರ್ಷದ ಭಟ್ಟರು ಎರಡೂ ಕೈಯಿಂದ ಎಳೆದರೂ ತಿರುಗದೆ, ಕಾರು ತಡೆಗೋಡೆಗೆ ಉಜ್ಜಿಕೊಂಡು ನಿಂತಿತ್ತು. ಗೋಡೆಯ ಆಚೆ ಏನಿದೆ ಎಂದು ಆ ಘಾಟಿ ಕಂಡವರಿಗೆ ಹೇಳಬೇಕಾಗಿಲ್ಲ. ಭಟ್ಟರ ಬಲ ಮಣಿಕಟ್ಟು ಮುರಿದಿತ್ತು. ಅವರ ಹೆಂಡತಿಗೆ ಗಾಯವಾಗಿರಲಿಲ್ಲ, ಆದರೆ ಆಕೆ ಮತ್ತೆ ಆ ಕಾರಿನಲ್ಲಿ ಕೂರಲಿಲ್ಲ. ಹರಿದ ಬೆಲ್ಟು ಎಲ್ಲೋ ಬಿದ್ದುಹೋಗಿತ್ತು. ನೋಡಲು ಏನೂ ಉಳಿದಿರಲಿಲ್ಲ.

ಭಟ್ಟರು ಕೈಗೆ ಪಟ್ಟಿ ಕಟ್ಟಿಕೊಂಡು ಗ್ಯಾರೇಜಿಗೆ ಬಂದರು. ಕೂಗಾಡಲಿಲ್ಲ. "ಮುರುಗೇಶ್, ನೀವೇ ನೋಡಿದ್ರಲ್ಲ?" ಎಂದು ಕೇಳಿದರು, ಅಷ್ಟೇ.

"ನಾನೇ ನೋಡಿದ್ದು ಸಾರ್. ನನ್ನ ಕೈ ತಪ್ಪು ಹೇಳ್ತು" ಎಂದರು ಮುರುಗೇಶಣ್ಣ.

ನಾನು ಅಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಆ ಮೊದಲ ನಿಮಿಷ ದಾಟಿದ ಮೇಲೆ ದಿನ ದಿನಕ್ಕೂ ಹೇಳುವುದು ಕಷ್ಟವಾಗುತ್ತಾ ಹೋಯಿತು. ನಾಚಿಕೆ ಎನ್ನುವುದು ಸಣ್ಣ ಮಾತು. ನಾನು ಹೇಡಿಯಾದೆ.

ಮುರುಗೇಶಣ್ಣ ಕಪಾಟಿನಿಂದ ಆ ಅಳತೆ ಉಪಕರಣ ಹೊರಗೆ ತೆಗೆದರು. ಪ್ರತಿ ಬೆಲ್ಟನ್ನೂ ಹೆಬ್ಬೆರಳಿನಿಂದ ಒತ್ತುವುದು, ಉಪಕರಣ ಹಾಕುವುದು, ಮತ್ತೆ ಒತ್ತುವುದು. ಎರಡೂ ಒಂದೇ ಹೇಳುತ್ತಿದ್ದವು. ಆದರೂ ನನ್ನನ್ನು ಕರೆಯುತ್ತಿದ್ದರು: "ತಂಬಿ, ನೀನೊಂದ್ಸಲ ನೋಡು." ಅವರು ಒತ್ತಿದ ಬೆಲ್ಟನ್ನು ನಾನು ಒತ್ತಿ 'ಸರಿ ಇದೆ ಅಣ್ಣ' ಎನ್ನಬೇಕಿತ್ತು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಮಾಲೀಕನೂ ಕೊಡಲಾರ. ವರ್ಷ ತುಂಬುವ ಮುಂಚೆ ಅವರು ಕೆಲಸ ಬಿಟ್ಟರು. "ನಂಬಿಕೆ ಇಲ್ದಿರೋ ಕೈ ಇಟ್ಕೊಂಡು ಇನ್ನೊಬ್ಬರ ಗಾಡಿ ಮುಟ್ಟಬಾರದು" ಎಂದು ಮಾಲೀಕರಿಗೆ ಹೇಳಿದರಂತೆ. ಅವರ ಜಾಗದಲ್ಲಿ ನನ್ನನ್ನು ಹೆಡ್ ಮೆಕ್ಯಾನಿಕ್ ಮಾಡಿದರು. ನಾನು ಹೇಳಿದ ಆ ಒಂದೇ ಬಡ್ತಿ ಅದು.

ಅದಾದ ಮೇಲೆ ನನ್ನ ಕೈಯಿಂದ ಒಂದು ಬೆಲ್ಟೂ ಒರೆಸದೆ ಹೊರಗೆ ಹೋಗಲಿಲ್ಲ. ಆಯುಧಪೂಜೆಯಲ್ಲಿ ವಿಭೂತಿ ಹಚ್ಚುವ ಕೆಲಸವನ್ನು ಬೇರೆಯವರಿಗೆ ಬಿಟ್ಟೆ. ಭಟ್ಟರು ತೀರಿಕೊಂಡು ಮೂರು ವರ್ಷವಾಯಿತು. ಅವರಿಗೆ ಹೇಳುವ ಅವಕಾಶವನ್ನು ನಾನೇ ಕೈಯಾರೆ ಕಳೆದುಕೊಂಡೆ.

ಕಳೆದ ಆಯುಧಪೂಜೆಗೆ ನಮ್ಮ ಮನೆಯ ಹಳೆಯ ಕಾರನ್ನು ತೊಳೆದು ನಿಲ್ಲಿಸಿದ್ದೆ. ನನ್ನ ಹೆಂಡತಿ ಗಿರಿಜ ವಿಭೂತಿ ಗಟ್ಟಿ ತಂದು ಕೈಗೆ ಕೊಟ್ಟಳು. ನಾನು ಬಾನೆಟ್ಟಿನ ಮೇಲೆ ಮೂರೆಳೆ ಎಳೆದು ಗಟ್ಟಿ ವಾಪಸ್ ಕೊಟ್ಟೆ.

"ಇಷ್ಟು ವರ್ಷದಿಂದ ನೋಡ್ತಾ ಇದ್ದೀನಿ, ಬಾನೆಟ್ ಎತ್ತೋದೇ ಇಲ್ವಲ್ರೀ. ಒಳಗಡೆ ಯಾಕೆ ಹಚ್ಚಲ್ಲ?" ಎಂದಳು.

ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಅವಳು ವಿಭೂತಿ ಗಟ್ಟಿಯನ್ನು ತಟ್ಟೆಯಲ್ಲಿಟ್ಟಳು. ಆಮೇಲೆ, "ನನಗೆ ಹೇಳಿ ಏನು ಪ್ರಯೋಜನ? ಭದ್ರಾವತಿ ಏನು ಕಾಶಿಯಷ್ಟು ದೂರ ಇದೆಯಾ?" ಎಂದಳು.

ಹಬ್ಬ ಕಳೆದ ಮೂರನೆಯ ದಿನ ಹೊರಟೆ. ತಮಾಷೆ ನೋಡಿ, ಹೊಳೆ ದಾಟುವಾಗ ನನ್ನ ಕಾರೇ ಸಣ್ಣಗೆ ಕಿರ್ರೆನ್ನಲು ಶುರು ಮಾಡಿತು. ತೊಳೆದ ದಿನವೂ ಒಮ್ಮೆ ಹಾಗೆಂದಿತ್ತು, ನಾನು ಮುಟ್ಟಿರಲಿಲ್ಲ. ಮುರುಗೇಶಣ್ಣನ ಮನೆ ಕಾಗದನಗರದ ಹಿಂದಿನ ಬೀದಿಯಲ್ಲಿ. ಎಪ್ಪತ್ತು ದಾಟಿದ್ದಾರೆ. ಹಜಾರದಲ್ಲಿ ಕುಳಿತು ಮಿಕ್ಸಿಯ ಮೋಟಾರನ್ನು ಬಿಚ್ಚಿ ಹರಡಿಕೊಂಡಿದ್ದರು.

"ವಾ ತಂಬಿ! ದಾರಿ ಮರ್ತೇಹೋಯ್ತು ಅಂದ್ಕೊಂಡಿದ್ದೆ" ಎಂದು ನಕ್ಕು ಕುರ್ಚಿ ಎಳೆದರು.

ಕುಳಿತರೆ ಹೇಳಲಾಗುವುದಿಲ್ಲ ಎಂದು ನಿಂತೇ ಹೇಳಿದೆ. ನೋಡದೆ ಗುರುತು ಹಾಕಿದ್ದು, ಬಿಗಿದಿದ್ದು, ವಿಭೂತಿ ಹಿಡಿದದ್ದು, ಮೂರೆಳೆ ಎಳೆದದ್ದು. ಒಂದನ್ನೂ ಬಿಡಲಿಲ್ಲ. ಅವರು ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಮೆಲ್ಲಗೆ ಕೆಳಗಿಟ್ಟರು.

"ಒಳಗಡೆಗೂ ಹಚ್ಚಿದ್ಯಾ?" ಎಂದು ಕೇಳಿದರು.

"ಒಳಗಡೆಗೇ ಅಣ್ಣ ಹಚ್ಚಿದ್ದು. ಹೊರಗೆ ಹಚ್ಚಿದ್ದು ನೋಡೋರ ಕಣ್ಣು ಮುಚ್ಚೋಕೆ."

"ಹನ್ನೊಂದು ವರ್ಷ" ಎಂದರು. "ಬೆರಳು ಸತ್ತುಹೋಯ್ತು ಅಂದ್ಕೊಂಡೆ ನಾನು. ನರದ ಡಾಕ್ಟ್ರ ಹತ್ರ ಹೋಗಿದ್ದೆ, ಗೊತ್ತಾ ನಿಂಗೆ? ಸೂಜಿ ಚುಚ್ಚಿ ನೋಡಿದ್ರು. ಎಲ್ಲಾ ಸರಿ ಇದೆ ಅಂದ್ರು. ಸುಳ್ಳು ಹೇಳ್ತಾರೆ, ವಯಸ್ಸಾದೋನಿಗೆ ಸಮಾಧಾನಕ್ಕೆ ಹೇಳ್ತಾರೆ ಅಂದ್ಕೊಂಡೆ. ಮನೇಲಿ ಕುಕ್ಕರ್ ಮುಚ್ಚಳ ಹಾಕಿದ್ರೂ ನನ್ನವಳನ್ನ ಕರೆದು ಸರಿ ಇದೆಯಾ ನೋಡು ಅಂತೀನಿ. ಯಾವನೋ ದೇವರ ಬೂದಿ ತಗೊಂಡು ಮೋಸ ಮಾಡ್ತಾನೆ ಅಂತ ಒಂದ್ಸಲನಾದ್ರೂ ತಲೆಗೆ ಬಂದಿದ್ರೆ ಹೇಳು!"

ನಾನು ಕಾಲಿಗೆ ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಬೇಡ" ಎಂದರು. ಒಳಗಿಂದ ಅವರ ಹೆಂಡತಿ ಕಾಫಿ ಲೋಟ ಹಿಡಿದು ಬಂದವರು ನಮ್ಮಿಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತರು.

ಹೊರಡಲು ಬಂದು ಕಾರು ಸ್ಟಾರ್ಟ್ ಮಾಡಿದೆ. ಅದು ಕಿರ್ರೆಂದಿತು. ಮುರುಗೇಶಣ್ಣ ಬಾಗಿಲಿಗೆ ಬಂದು ನಿಂತಿದ್ದರು.

"ನಿಲ್ಲಿಸು. ಬಾನೆಟ್ ಎತ್ತು" ಎಂದರು.

ಬರಿಗಾಲಲ್ಲೇ ಇಳಿದು ಬಂದರು. ಹೆಗಲ ಮೇಲಿನ ಟವೆಲ್ ತೆಗೆದು ಮೊದಲು ಬೆಲ್ಟನ್ನು ಒರೆಸಿದರು. ಸ್ವಲ್ಪ ಸ್ವಲ್ಪವೇ ಹೊರಳಿಸುತ್ತಾ, ಒಳಮೈ ಹೊರಮೈ ಎರಡನ್ನೂ, ಒಂದಂಗುಲ ಬಿಡದೆ ಒರೆಸಿದರು. ಒರೆಸುವಷ್ಟು ಹೊತ್ತೂ ನನ್ನ ಕಡೆ ನೋಡಲಿಲ್ಲ. ನಾನು ಎಲ್ಲಿಗಾದರೂ ಹೋಗಿ ಹೂತುಕೊಳ್ಳಬೇಕು ಅನ್ನಿಸಿತು. ತೋಡಿಗೆ ಉಗುರು ಹಾಕಿ ನೋಡಿದರು. ಆಮೇಲೆ ಹೆಬ್ಬೆರಳು ಊರಿ, ಕಣ್ಣು ಮುಚ್ಚಿ, ಒತ್ತಿದರು.

"ಬೆಲ್ಟು ಸವೆದಿಲ್ಲ. ಸಡಿಲ. ಅರ್ಧ ಸುತ್ತು" ಎಂದರು. ನನ್ನನ್ನು ಇನ್ನೊಂದು ಸಲ ನೋಡು ಎಂದು ಕರೆಯಲಿಲ್ಲ.

ಡಿಕ್ಕಿಯಿಂದ ಸ್ಪ್ಯಾನರ್ ತಂದು ಅರ್ಧ ಸುತ್ತು ತಿರುಗಿಸಿದೆ. ಸ್ಟಾರ್ಟ್ ಮಾಡಿದೆ. ಸದ್ದಿಲ್ಲ. ಎಂಜಿನ್ನಿನದೇ ಗುರುಗುರು ಬಿಟ್ಟರೆ ಬೇರೇನೂ ಇಲ್ಲ.

ಅವರು ಹೋಗು ಎನ್ನಲಿಲ್ಲ, ಬಾ ಎನ್ನಲಿಲ್ಲ, ತಂಬಿ ಎನ್ನಲಿಲ್ಲ. ನಾನು ಕಾರನ್ನು ಹಿಂದಕ್ಕೆ ತೆಗೆಯುವಾಗ ಮೆಟ್ಟಿಲ ಮೇಲೆ ನಿಂತು ಬಲಗೈ ಹೆಬ್ಬೆರಳನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಒಳಗಿದ್ದ ಹೆಂಡತಿಗೆ ತಮಿಳಿನಲ್ಲಿ ಕೂಗಿ ಹೇಳಿದ್ದು ಕಿಟಕಿಯಿಂದ ಕೇಳಿಸಿತು. ಅವರ ಜೊತೆ ಅಷ್ಟು ವರ್ಷ ಇದ್ದವನಿಗೆ ಅಷ್ಟು ತಮಿಳು ಅರ್ಥವಾಗುತ್ತದೆ.

"ಕೇಳಿದೆಯಾ? ನನ್ನ ಬೆರಳಿಗೆ ಏನೂ ಆಗಿಲ್ಲ. ಆವತ್ತೂ ಆಗಿರಲಿಲ್ಲ."